ಬೆಳಕು ನೋಡಲು ಕೂತವಳು

ಫೋಟೋ ತೊಳೆಯುವ ಹೈಪೊ ದ್ರಾವಣದ ವಾಸನೆ ಎಂದರೆ ಇಂದುಮತಿಗೆ ಇವತ್ತಿಗೂ ಬಾಲ್ಯವೇ. ಹುಳಿ ಬಂದ ಮಜ್ಜಿಗೆಯ ಪಕ್ಕದಲ್ಲಿ ಯಾರೋ ಬೆಂಕಿಕಡ್ಡಿ ಗೀರಿದ ಹಾಗಿರುತ್ತಿತ್ತು ಅದು. ಅಪ್ಪನ ಡಾರ್ಕ್ ರೂಮಿನಿಂದ ಹೊರಟು, ಅಡುಗೆಮನೆಯ ಒಗ್ಗರಣೆಯನ್ನೂ ದಾಟಿಕೊಂಡು ಹಾಸಿಗೆಯವರೆಗೂ ಬರುತ್ತಿತ್ತು. ಶಾಲೆಯಲ್ಲಿ ಪಕ್ಕದಲ್ಲಿ ಕೂತವಳು, "ನಿನ್ನ ಲಂಗ ಆಸ್ಪತ್ರೆ ವಾಸನೆ ಬರುತ್ತೆ ಕಣೇ" ಎಂದು ಮೂಗು ಮುಚ್ಚಿಕೊಳ್ಳುತ್ತಿದ್ದಳು. ಇಂದುಮತಿಗೆ ನಾಚಿಕೆಯಾಗುತ್ತಿರಲಿಲ್ಲ. ಆ ವಾಸನೆಯ ಒಳಗಿನಿಂದಲೇ ಅಲ್ಲವೇ ಮುಖಗಳು ಬರುತ್ತಿದ್ದದ್ದು? ಕೆಂಪು ಬಲ್ಬಿನ ಕೆಳಗೆ, ತಟ್ಟೆಯ ನೀರಿನಲ್ಲಿ, ಬಿಳಿ ಕಾಗದದ ಮೇಲೆ ಮೊದಲು ಹುಬ್ಬು, ಆಮೇಲೆ ಮೂಗಿನ ನೆರಳು, ಎಲ್ಲಕ್ಕಿಂತ ಕೊನೆಗೆ ಕಣ್ಣಿನ ಹೊಳಪು.

ಅಪ್ಪ ನಂಜುಂಡಯ್ಯನವರದು ಅರಸೀಕೆರೆಯ ಸ್ಟೇಷನ್ ರಸ್ತೆಯಲ್ಲಿ ಪ್ರಭಾ ಫೋಟೋ ಸ್ಟುಡಿಯೊ. ಗಿರಾಕಿ ಬಂದು ಕನ್ನಡಿ ಮುಂದೆ ತಲೆ ಬಾಚಿಕೊಳ್ಳುತ್ತಿರುವಾಗಲೇ ಅಪ್ಪ ಒಳಗೆ ಕೂಗುತ್ತಿದ್ದರು: "ಲೀಲಾ, ಒಂದು ನಿಮಿಷ ಬಾ. ಬೆಳಕು ನೋಡಬೇಕು."

ಅಮ್ಮ ಲೀಲಾವತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಕೆನ್ನೆಗೆ ಹಿಟ್ಟು ಮೆತ್ತಿರುತ್ತಿತ್ತು, ಕೂದಲು ಕೆದರಿರುತ್ತಿತ್ತು. ಅಪ್ಪ ದೀಪ ಎಡಕ್ಕೆಳೆದು, ಬಲಕ್ಕೆಳೆದು, ರೀಲಿನ ತುದಿಯಲ್ಲಿ ಉಳಿದ ಫಿಲಂನಲ್ಲಿ ಒಂದು ಹೊಡೆದು ನೋಡುತ್ತಿದ್ದರು. ಗುರುತಿಗಾಗಿ ಅಮ್ಮನ ಕೈಯಲ್ಲಿ ಒಂದು ಸ್ಲೇಟು. ಅದರ ಮೇಲೆ 'ಲೀ ೧', 'ಲೀ ೨'. ಹೀಗೆ ಮುನ್ನೂರು ಚಿಲ್ಲರೆ ನೆಗೆಟಿವ್‌ಗಳಾದವು. ಒಂದರಲ್ಲೂ ಅಮ್ಮ ಫೋಟೋ ತೆಗೆಸಿಕೊಳ್ಳಲು ಕೂತಿರಲಿಲ್ಲ. ಊರಿಗೆಲ್ಲ ಫೋಟೋ ತೆಗೆದ ಮನೆಯಲ್ಲಿ ಅವಳದೊಂದು ಸರಿಯಾದ ಪಟ ಇರಲಿಲ್ಲ.

ಹನ್ನೆರಡನೇ ವಯಸ್ಸಿಗೆ ಅಪ್ಪ ಇಂದುಮತಿಯನ್ನು ಟಚಿಂಗ್ ಡೆಸ್ಕಿನ ಮುಂದೆ ಕೂರಿಸಿ, ಉಜ್ಜಿದ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಷ್ಟು ಚೂಪಾದ ಪೆನ್ಸಿಲ್ ಕೊಟ್ಟರು. ಮೊಡವೆ ತೆಗೆ, ಸಿಡುಬಿನ ಕಲೆ ತೆಗೆ, ಕಣ್ಣಿನ ಕೆಳಗಿನ ಕಪ್ಪು ತೆಗೆ. "ಆದರೆ ಕಣ್ಣಿನ ಒಳಗೆ ಮಾತ್ರ ಪೆನ್ಸಿಲ್ ಹೋಗಕೂಡದು ಮಗು. ಅಲ್ಲಿ ಏನಿದೆಯೋ ಅದು ಅವರದು." ಸ್ಟುಡಿಯೊದಲ್ಲಿ ಇದ್ದದ್ದು ಅದೊಂದೇ ಕಟ್ಟಳೆ.

ಈಗ ಇಂದುಮತಿಗೆ ಎಪ್ಪತ್ತು. ಅಪ್ಪ, ಅಮ್ಮ, ಹೈಪೊ ಎಲ್ಲ ಹೋಗಿ ಎಷ್ಟೋ ಕಾಲವಾಗಿದೆ. ಕಾಗದದ ಮೇಲೆ ಫೋಟೋ ಹಾಕಿಸುವವರೇ ಇಲ್ಲ. ಮನೆಮನೆಯ ಗೋಡೆಯ ಮೇಲೆ ಚಿತ್ರಗಾಜುಗಳಿವೆ. ತೆಳ್ಳಗಿನ ಗಾಜು, ಒಳಗಿನಿಂದ ಬೆಳಗುವ ಮುಖ, ಮೇಲೊಂದು ಗಂಧದ ಹಾರ. ಸ್ಟುಡಿಯೊ ಮಾತ್ರ ಹಾಗೇ ಇತ್ತು. ಅದರೊಳಗೆ ಒಂದು ಮುದಿ ಕಂಪ್ಯೂಟರ್, ಕಂಪ್ಯೂಟರಿನೊಳಗೆ 'ಕುಂಚ'.

ಕುಂಚ ಫೋಟೋ ತಿದ್ದುವ ತಂತ್ರಾಂಶ. ಮೂವತ್ತೆರಡು ವರ್ಷಗಳ ಹಿಂದೆ ಒಂದು ಸಿ.ಡಿ.ಯಲ್ಲಿ ಬಂದದ್ದು. ಯಾರು ಮಾಡಿದರೆಂದು ಅದರಲ್ಲೆಲ್ಲೂ ಬರೆದಿರಲಿಲ್ಲ. ಮೆನುಗಳೆಲ್ಲ ಕನ್ನಡದಲ್ಲಿ: ಒರೆಸು, ಹದಮಾಡು, ಮೇಲಿಡು, ತಪ್ಪಾಯ್ತು. ಕೊನೆಯ ಗುಂಡಿ ಒತ್ತಿದರೆ ಹಿಂದಿನ ಕೆಲಸ ವಾಪಸಾಗುತ್ತಿತ್ತು. ತಪ್ಪಾಯ್ತು ಎಂದ ಕೂಡಲೇ ಸರಿಮಾಡಿಕೊಡುವ ಯಂತ್ರವನ್ನು ಮಾಡಿದವರು ಒಳ್ಳೆಯವರೇ ಇರಬೇಕೆಂದು ಇಂದುಮತಿ ಅಂದುಕೊಳ್ಳುತ್ತಿದ್ದಳು.

*

ಮಹಾಲಯ ಅಮಾವಾಸ್ಯೆಗೆ ಇನ್ನು ಮೂರು ವಾರ. ಬೆಳಿಗ್ಗೆ ಒಂಬತ್ತಕ್ಕೆ ಎದುರಿನ ಮೆಸ್ಸಿನ ಸಿಂಚನಾ ರಸ್ತೆ ದಾಟಿ ಓಡಿಬಂದಳು. ನಲವತ್ತೆರಡರ ದಪ್ಪ ಹೆಂಗಸು, ಕೈಯಲ್ಲಿ ಸೌಟು ಹಾಗೇ ಇತ್ತು.

"ಇಂದಕ್ಕ, ನಮ್ಮಮ್ಮ ಹೋಗ್ಬಿಟ್ರು!"

"ನಿಮ್ಮಮ್ಮ ಹೋಗಿ ಮೂವತ್ತೊಂಬತ್ತು ವರ್ಷ ಆಯ್ತಲ್ಲೇ."

"ಅಯ್ಯೋ, ಗಾಜಿಂದ ಹೋದ್ರು! ಬನ್ನಿ ಇಲ್ಲಿ, ನೋಡಿ ಬನ್ನಿ."

ಮೆಸ್ಸಿನ ಗೋಡೆಯ ಮೇಲಿನ ಚಿತ್ರಗಾಜು ಮಂಕಾಗಿತ್ತು. ಮುಖದ ಜಾಗದಲ್ಲಿ ಬೂದು ಬಣ್ಣ. ಕೆಳಗೆ ಎರಡು ಸಾಲು: 'ಈ ವ್ಯಕ್ತಿ ಒಂದಕ್ಕಿಂತ ಹೆಚ್ಚು ಬಾರಿ ಮೃತರಾಗಿದ್ದಾರೆ. ಪರಿಶೀಲನೆಯವರೆಗೆ ಚಿತ್ರವನ್ನು ತಡೆಹಿಡಿಯಲಾಗಿದೆ.'

"ನೆನ್ನೆ ನಮ್ಮ ಅಂಗಡಿಗೆ ನೆಲೆ ಹಾಕಿಹೋದ್ರು ನೋಡಿ, ಆವಾಗಿಂದ ಹಿಂಗೆ. ಆ ಪಾರ್ಸೆಲ್ ಆಫೀಸಿನವನು 'ಎಷ್ಟು ಸಲ ತಿಥಿ ಊಟ ಹಾಕಿದ್ರಿ ಸಿಂಚನಕ್ಕ, ನಮ್ಮನ್ನ ಕರೀಲೇ ಇಲ್ಲ' ಅಂತಾನೆ. ಸೌಟಲ್ಲಿ ಬಾರಿಸೋಣ ಅನ್ನಿಸ್ತು."

ನೆಲೆ ಎಂದರೆ ಹೊಸ ಆಪರೇಟಿಂಗ್ ಸಿಸ್ಟಂ. ಸುಳ್ಳು ಚಿತ್ರಗಳ ಹಾವಳಿಯಲ್ಲಿ ಜನ ಬಹಳ ವರ್ಷ ನರಳಿದ್ದರು. ಆಡದ ಮಾತು ಆಡಿದ ಹಾಗೆ, ಹೋಗದ ಕಡೆ ಹೋದ ಹಾಗೆ ಚಿತ್ರಗಳು ಹುಟ್ಟಿಕೊಂಡು ಎಷ್ಟೋ ಸಂಸಾರಗಳು ಒಡೆದಿದ್ದವು. ನೆಲೆಯಲ್ಲಿ ಅದು ಆಗುವಂತಿರಲಿಲ್ಲ. ಅದರಲ್ಲಿ ಪ್ರತಿ ಚಿತ್ರಕ್ಕೂ ಬೇರು ಇರಬೇಕು. ಯಾವ ಚುಕ್ಕೆ ಯಾವ ಕ್ಯಾಮೆರಾದಿಂದ, ಯಾರ ಕೈಯಿಂದ ಬಂತು ಎಂಬುದು ಚಿತ್ರದ ಜೊತೆಗೇ ಇರಬೇಕು. ಅಂಗಡಿಗಳಿಗೆ ಮೊದಲು ಬಂದಿತ್ತು. ಅಮಾವಾಸ್ಯೆಯ ಹಿಂದಿನ ದಿನ ತಾಲ್ಲೂಕಿನ ಎಲ್ಲ ಮನೆಗಳಿಗೂ ಬರುವುದಿತ್ತು. ಆ ದಿನದಿಂದ ಹಳೆಯ ವ್ಯವಸ್ಥೆ ನಿಂತುಹೋಗುತ್ತಿತ್ತು.

ಇಂದುಮತಿ ಬೂದು ಗಾಜನ್ನೇ ನೋಡುತ್ತ ನಿಂತಳು. ಒಂದಕ್ಕಿಂತ ಹೆಚ್ಚು ಬಾರಿ ಸತ್ತವರು ಯಾರೆಂದು ಅವಳಿಗೆ ಗೊತ್ತಿತ್ತು.

"ಸರಿ ಮಾಡಿಕೊಡ್ತೀರಲ್ಲ ಇಂದಕ್ಕ? ಈ ಅಮಾವಾಸ್ಯೆಗೆ ಎಡೆ ಇಡಬೇಕಲ್ಲ. ಮುಖ ಇಲ್ದೆ ಯಾರ ಮುಂದೆ ಇಡ್ಲಿ?" ಎಂದ ಸಿಂಚನಾ ಥಟ್ಟನೆ ಮೂಗು ಅರಳಿಸಿ, "ಸೀದೋಯ್ತು! ಉಪ್ಪಿಟ್ಟು!" ಎಂದು ಒಳಗೋಡಿದಳು.

ತಳ ಹಿಡಿದ ಉಪ್ಪಿಟ್ಟನ್ನು ಅವಳು ಬಾಣಲೆಯಿಂದ ಕೆರೆದು ಚೆಲ್ಲಲು ಹೊರಟಾಗ ಇಂದುಮತಿ ತಟ್ಟೆ ಒಡ್ಡಿದಳು. "ಇಲ್ಲಿ ಹಾಕು. ನಮ್ಮಮ್ಮನಿಗೆ ಇದು ಅಂದ್ರೆ ಪ್ರಾಣ. ಎಲ್ಲರೂ ತಿಂದಾದಮೇಲೆ ಬಾಣಲೆ ಮಡಿಲಲ್ಲಿಟ್ಟುಕೊಂಡು ಚಮಚದಲ್ಲಿ ಕೆರೀತಾ ಕೂರೋಳು. ಪಕ್ಕದ ಮನೆಗೆಲ್ಲ ಕೇಳ್ಸೋದು ಆ ಸದ್ದು."

"ಪಾಪ, ಅವರಿಗೆ ಉಳೀತಿದ್ದದ್ದೇ ಅಷ್ಟೇನೋ" ಎಂದಳು ಸಿಂಚನಾ. ಇಂದುಮತಿ ಆ ಕೋನದಿಂದ ಯಾವತ್ತೂ ಯೋಚಿಸಿರಲಿಲ್ಲ.

*

ನೆಲೆಗೆಂದು ಸ್ಟುಡಿಯೊಗೆ ಬಂದಿದ್ದ ಹೊಸ ಯಂತ್ರದಲ್ಲಿ ಕುಂಚ ತೆರೆಯಲಿಲ್ಲ. 'ಈ ತಂತ್ರಾಂಶ ನೆಲೆಗೆ ಹೊಂದುವುದಿಲ್ಲ' ಎಂಬ ಸಾಲು ಬಂತು. ಹಳೆಯ ಯಂತ್ರದಲ್ಲಿ ತೆರೆಯಿತು, ಆದರೆ ಅದು ಕೊಟ್ಟ ಚಿತ್ರವನ್ನು ಯಾವ ಗಾಜೂ ತೆಗೆದುಕೊಳ್ಳಲಿಲ್ಲ. ಇಂದುಮತಿ ಹಾರ್ಡ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಬೆಳಗಿನ ರೈಲು ಹತ್ತಿ ಹಾಸನದ ಹೊಂದಾಣಿಕೆ ಕೇಂದ್ರಕ್ಕೆ ಹೋದಳು.

ಅಲ್ಲಿ ಇಂಚರಾ ಎಂಬ ಎಂಜಿನಿಯರ್ ಇದ್ದಳು. ಮೂವತ್ತೈದು ಇರಬಹುದು, ತಲೆಯಲ್ಲಿ ಪೆನ್ನು ಸಿಕ್ಕಿಸಿಕೊಂಡು ಅದನ್ನೇ ಹುಡುಕುತ್ತಿದ್ದಳು. ಇಂದುಮತಿ ಕಣ್ಣು ಕಿರಿದು ಮಾಡಿದ್ದನ್ನು ನೋಡಿ ತನ್ನ ಪರದೆಯ ಅಕ್ಷರಗಳನ್ನು ದೊಡ್ಡದು ಮಾಡಿದಳು. ಇಂದುಮತಿಗೆ ಆ ಹುಡುಗಿಯ ಮೇಲೆ ಆಗಲೇ ನಂಬಿಕೆ ಬಂದುಬಿಟ್ಟಿತು.

"ಕುಂಚ! ಇದರ ಹೆಸರು ಕೇಳಿದ್ದೆ ಮೇಡಂ, ನೋಡಿರಲಿಲ್ಲ. ತೊಂದರೆ ಏನು ಗೊತ್ತಾ? ಇದು ಹಳೇ ಕಾಲದ ಯಜಮಾನಿ ಥರ. ಚಿತ್ರದ ಮೇಲೆ ನೇರವಾಗಿ ಕೈ ಇಡುತ್ತೆ. ನೆಲೆಯಲ್ಲಿ ಚಿತ್ರ ಮುಟ್ಟೋ ಹಾಗೇ ಇಲ್ಲ, ಮೇಲೊಂದು ತೆಳು ಹಾಳೆ ಹೊದಿಸಬಹುದು ಅಷ್ಟೇ. ಹಾಳೆ ಎತ್ತಿದ್ರೆ ಕೆಳಗಿನ ಮೂಲ ಹಾಗೇ ಸಿಗಬೇಕು."

"ಹಾಗಾದ್ರೆ ಆಗಲ್ವಾ?"

"ಆಗಲ್ಲ ಅಂತ ಹೇಳೋಕೆ ಸರ್ಕಾರ ನನಗೆ ಸಂಬಳ ಕೊಡಲ್ಲ" ಎಂದು ಇಂಚರಾ ನಕ್ಕಳು.

ಅವಳು ನಾಲ್ಕು ದಿನ ತೆಗೆದುಕೊಂಡಳು. ಇಂದುಮತಿ ದಿನವೂ ರೈಲಿನಲ್ಲಿ ಹೋಗಿ ಬಂದಳು. ಹೋಗಬೇಕಾಗಿರಲಿಲ್ಲ, ನೋಡುವ ಆಸೆ. ಇಂಚರಾ ನೆಲೆಯ ಒಳಗೇ ಒಂದು ಪುಟ್ಟ ಕೋಣೆ ಕಟ್ಟಿದಳು. ಆ ಕೋಣೆಯಲ್ಲಿ ಎಲ್ಲವೂ ಹಳೆಯ ಕಂಪ್ಯೂಟರಿನ ಹಾಗೆ: ಅದೇ ಗಡಿಯಾರ, ಅದೇ ನಿಧಾನ, ಅದೇ ಇಷ್ಟೇ ಇಷ್ಟು ನೆನಪಿನ ಜಾಗ. ಕುಂಚಕ್ಕೆ ತಾನು ಮನೆ ಬದಲಾಯಿಸಿದ್ದೇ ತಿಳಿಯಬಾರದು. ಅದು ಚಿತ್ರದ ಮೇಲೆ ಕೈಯಿಟ್ಟಾಗ, ಆ ಕೈಯ ಕೆಳಗೆ ಸದ್ದಿಲ್ಲದೆ ಒಂದು ಹಾಳೆ ಜಾರಿಸಬೇಕು. ಕುಂಚ ತಾನು ಚಿತ್ರವನ್ನೇ ತಿದ್ದಿದೆ ಅಂದುಕೊಳ್ಳುತ್ತದೆ. ನೆಲೆಗೆ ಹಾಳೆ ಸಿಗುತ್ತದೆ. ಇಬ್ಬರಿಗೂ ನೋವಿಲ್ಲ.

ಮೂರನೇ ದಿನ ಇಂಚರಾ ಕುಂಚದ ಒಡಲಿನ ಸಾಲುಗಳನ್ನು ಓದುತ್ತಿದ್ದವಳು ಥಟ್ಟನೆ, "ಮೇಡಂ, ಇಲ್ಲಿ ಬನ್ನಿ" ಎಂದಳು. ಯಂತ್ರದ ಭಾಷೆಯ ನಡುವೆ, ಯಂತ್ರ ಓದದ ಒಂದು ಸಾಲು ಕನ್ನಡದಲ್ಲಿತ್ತು, ಮುಂದೆ ಬರುವ ಇನ್ನೊಬ್ಬ ಎಂಜಿನಿಯರಿಗಾಗಿ:

'ಇಲ್ಲಿ ಎರಡು ನಿಮಿಷಕ್ಕೊಮ್ಮೆ ತಾನಾಗಿ ಉಳಿಸಬೇಕು. ಅವರ ಕಡೆ ಕರೆಂಟು ಹೇಳಿ ಹೋಗುವುದಿಲ್ಲ.'

ಇಂದುಮತಿ ಅದನ್ನು ಎರಡು ಸಲ ಓದಿದಳು. ಎಷ್ಟು ಸಲ ಕರೆಂಟು ಹೋಗಿ ಬಂದಾಗ ಅವಳ ಕೆಲಸ ಹಾಗೇ ಇತ್ತು! ತಾನೇ ಉಳಿಸಿದ್ದೆನೇನೋ ಅಂದುಕೊಂಡಿದ್ದಳು. ಹೆಸರು ಹೇಳದ ಯಾರೋ ಮೂವತ್ತೆರಡು ವರ್ಷ ಅವಳ ಬೆನ್ನ ಹಿಂದೆ ನಿಂತು ಅದನ್ನು ಮಾಡಿದ್ದರು.

"ಇನ್ನೊಂದಿದೆ" ಎಂದು ಇಂಚರಾ ಕೆಳಗೆ ಸರಿಸಿದಳು. 'ಯಾವ ಚಿತ್ರದಿಂದ ಏನು ತಂದು ಇಟ್ಟರು ಎಂಬುದನ್ನು ಬರೆದಿಟ್ಟುಕೊ. ಈಗ ಯಾರಿಗೂ ಬೇಡ. ಮುಂದೆ ಯಾರಾದರೂ ಕೇಳಬಹುದು.'

"ಈ ಪುಣ್ಯಾತ್ಮರು ಬೇರು ಉಳಿಸಿದ್ದಾರೆ ಮೇಡಂ! ನೆಲೆ ಹುಟ್ಟೋಕೆ ಮೂವತ್ತು ವರ್ಷ ಮುಂಚೆ!" ಇಂಚರಾ ಕುರ್ಚಿಯಿಂದ ಎದ್ದೇಬಿಟ್ಟಿದ್ದಳು. ಪಕ್ಕದ ಮೇಜಿನವರೆಲ್ಲ ಬಂದು ಆ ಎರಡು ಸಾಲುಗಳನ್ನು ನೋಡಿಹೋದರು. ಒಬ್ಬಾತ ಪರದೆಗೆ ಕೈ ಮುಗಿದ. ತಮಾಷೆಗೆ ಮುಗಿದನೇನೋ, ಮುಖದಲ್ಲಿ ತಮಾಷೆ ಇರಲಿಲ್ಲ.

ನಾಲ್ಕನೇ ದಿನ ಕುಂಚ ನೆಲೆಯ ಮೇಲೆ ಕಣ್ಣು ಬಿಟ್ಟಿತು. ಅದೇ ಹಳದಿ ಪಟ್ಟಿ, ಅದೇ 'ತಪ್ಪಾಯ್ತು' ಗುಂಡಿ. ಇಂದುಮತಿಯ ಕಡತಗಳನ್ನೆಲ್ಲ ಅದಕ್ಕೆ ಉಣಿಸಿದರು. ಬೇರುಗಳು ಒಂದೊಂದಾಗಿ ಬಿಡಿಸಿಕೊಂಡವು. ಆಮೇಲೆ ಇಂಚರಾಳ ನಗು ನಿಂತಿತು.

"ಮೇಡಂ, ಇದು ಇನ್ನೂರ ಹನ್ನೆರಡು ಜನರನ್ನ ಒಬ್ಬರೇ ಅಂತಿದೆ. ಎಡಗಣ್ಣಿನ ಪಾಪೆ ಪಕ್ಕ, ಕೆಳಗಡೆ, ಒಂದು ತಿಳಿ ಚುಕ್ಕೆ. ಎಲ್ಲರಿಗೂ ಇದೆ. ಈ ಮೀಸೆ ತಾತನಿಗೂ ಇದೆ. ಬೇರುಗಳೆಲ್ಲ 'ಲೀ ೪೧', 'ಲೀ ೧೦೬', 'ಲೀ ೯' ಅಂತ ತೋರಿಸ್ತಿದೆ. ಈ ಲೀ ಯಾರು?"

ಇಂದುಮತಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು.

"ನಮ್ಮಮ್ಮ."

ಆಮೇಲೆ ಎಲ್ಲವನ್ನೂ ಹೇಳಿದಳು. ಆಗಿನ ಕಾಲದಲ್ಲಿ ಎಷ್ಟೋ ಜನ ಬದುಕಿರುವಾಗ ಒಂದು ಫೋಟೋ ತೆಗೆಸಿಕೊಂಡಿರುತ್ತಿರಲಿಲ್ಲ. ಸತ್ತ ಮೇಲೆ ಗೋಡೆಗೆ ಒರಗಿಸಿ ಕೂರಿಸಿ ತೆಗೆದದ್ದೊಂದು ಇರುತ್ತಿತ್ತು. ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಕಣ್ಣು ಮಿಟುಕಿಸಿದ್ದೊಂದು. ಮನೆಯವರು ಅದನ್ನೇ ಹಿಡಿದುಕೊಂಡು ಬಂದು, 'ಕಣ್ಣು ತೆರೆಸಿಕೊಡು ತಾಯಿ' ಎನ್ನುತ್ತಿದ್ದರು. ಕಣ್ಣು ಬರೆದರೆ ಗೊಂಬೆಯ ಕಣ್ಣಾಗುತ್ತಿತ್ತು. ಬೇರೆ ಫೋಟೋದಿಂದ ತಂದರೆ ಬೆಳಕು ಹೊಂದಬೇಕು, ಮುಖ ತಿರುಗಿದ ಕಡೆಗೇ ದೃಷ್ಟಿ ತಿರುಗಿರಬೇಕು. ಊರಿನಲ್ಲಿ ಎಲ್ಲ ಬೆಳಕಿನಲ್ಲೂ, ಎಲ್ಲ ದಿಕ್ಕಿಗೂ ನೋಡಿದ್ದವಳು ಒಬ್ಬಳೇ.

"ಆ ಚುಕ್ಕೆ ಅಮ್ಮನದು. ನಾನು ಜೀವನವೆಲ್ಲ ಚುಕ್ಕೆ ಒರೆಸಿದವಳು ಕಣಮ್ಮ. ಆದರೆ ಕಣ್ಣಿನ ಒಳಗೆ ಪೆನ್ಸಿಲ್ ಹೋಗಕೂಡದು ಅಂತ ಅಪ್ಪನ ಮಾತು. ಹಾಗಾಗಿ ಉಳೀತು."

"ಮನೆಯವರಿಗೆ ಹೇಳಿದ್ರಾ?"

"ಒಬ್ಬರಿಗೂ ಇಲ್ಲ. ಎಲ್ಲರೂ 'ಥೇಟು ಹಾಗೇ ನೋಡ್ತಿದ್ರು' ಅಂತ ಅತ್ತುಬಿಡೋರು. ಅದಾದಮೇಲೆ ಏನು ಹೇಳಲಿ?"

ಇಂಚರಾ ಎರಡು ದಾರಿ ಇದೆ ಎಂದಳು. ಒಂದು, ಕಣ್ಣನ್ನು ಬದಲಾಯಿಸುವುದು. ಮಕ್ಕಳ, ಒಡಹುಟ್ಟಿದವರ ಕಣ್ಣುಗಳನ್ನು ಅಳೆದು, ಸತ್ತವರ ಕಣ್ಣು ಹೇಗಿದ್ದಿರಬಹುದೆಂದು ನೆಲೆಯೇ ಲೆಕ್ಕ ಹಾಕಿಕೊಡುತ್ತದೆ. 'ಅಂದಾಜು' ಎಂಬ ಗುರುತು ಒಳಗೆಲ್ಲೋ ಇರುತ್ತದೆ, ಯಾರೂ ಗಮನಿಸುವುದಿಲ್ಲ, ಯಾರಿಗೂ ಏನೂ ಹೇಳಬೇಕಾಗಿಲ್ಲ. ಎರಡನೆಯದು, ಕಣ್ಣು ಯಾರದೆಂದು ನಿಜ ಹೇಳುವುದು. ಆಗ ಆ ಮಾತು ಪ್ರತಿ ಮನೆಯ ಗಾಜಿನ ಕೆಳಗೂ ಕಾಣುತ್ತದೆ.

ನೋಡಲೆಂದು ಸಿಂಚನಾಳ ತಾಯಿಯ ಚಿತ್ರಕ್ಕೆ ಅಂದಾಜಿನ ಕಣ್ಣು ಹಾಕಿ ತೋರಿಸಿದಳು. ಇಂದುಮತಿ ಬೆರಗಾದಳು. ಎಂಥ ಕೆಲಸ! ಬೆಳಕು ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ರೆಪ್ಪೆಯ ಬಾಗು ಸಿಂಚನಾಳದ್ದೇ. ತನ್ನ ಐವತ್ತೆಂಟು ವರ್ಷದ ಕೈಗೂ ಇದು ಬರುತ್ತಿರಲಿಲ್ಲ. ಬಹುಶಃ ಆ ಹೆಂಗಸು ನಿಜಕ್ಕೂ ಹೀಗೇ ಇದ್ದಳು.

ಆದರೆ ಹತ್ತು ವರ್ಷದ ಸಿಂಚನಾ ಅಜ್ಜಿಯ ಕೈ ಹಿಡಿದು ಬಂದು, ಮೊದಲ ಸಲ ತಾಯಿಯ ತೆರೆದ ಕಣ್ಣು ನೋಡಿ, "ಅಮ್ಮ ನನ್ನ ನೋಡ್ತಿದಾಳೆ" ಎಂದಾಗ ಆ ಹುಡುಗಿಯನ್ನು ನೋಡಿದ್ದು ಈ ಕಣ್ಣಲ್ಲ.

"ನನಗೆ ಒಂದು ದಿನ ಕೊಡು. ಇದನ್ನ ನಾನು ಒಬ್ಬಳೇ ತೀರ್ಮಾನ ಮಾಡೋ ಹಾಗಿಲ್ಲ."

*

ಮಧ್ಯಾಹ್ನದ ಊಟದ ಗದ್ದಲ ಮುಗಿದು ಸಿಂಚನಾ ಟೇಬಲ್ ಒರೆಸುತ್ತಿದ್ದಳು. ಇಂದುಮತಿ ಕೂತು, ಸುತ್ತಿ ಬಳಸದೆ ಹೇಳಿಬಿಟ್ಟಳು. ಅಂದಾಜಿನ ಕಣ್ಣಿನ ಚಿತ್ರವನ್ನೂ ಅಂಗೈಯಷ್ಟು ಗಾಜಿನಲ್ಲಿ ತಂದಿದ್ದಳು.

ಸಿಂಚನಾ ಒರೆಸುವುದನ್ನು ನಿಲ್ಲಿಸಲಿಲ್ಲ. ಒರೆಸಿದ ಟೇಬಲನ್ನೇ ಮತ್ತೆ ಒರೆಸಿದಳು.

"ಮೆಸ್ ಶುರು ಮಾಡೋವಾಗ ಕೇಳಿದ್ದೆ, ಮಾಡ್ಲಾ ಅಂತ. ಮಾಡು ಅಂದ ಹಾಗಾಯ್ತು. ಮಗಳು ಹುಟ್ಟಿದ ಬಾಣಂತನದಲ್ಲಿ, ಅಜ್ಜಿ ಹೋದಾಗ, ದಿನಾ ಬೆಳಿಗ್ಗೆ ಒಲೆ ಹಚ್ಚೋಕೆ ಮುಂಚೆ... ಹಾಗಾದ್ರೆ ನಾನು ಇಷ್ಟು ವರ್ಷ ಮಾತಾಡಿದ್ದು ಯಾರ ಹತ್ರ ಇಂದಕ್ಕ?"

ಇಂದುಮತಿ ಗಾಜಿನ ತುಂಡನ್ನು ಟೇಬಲಿನ ಮೇಲೆ ಅವಳ ಕಡೆಗೆ ಸರಿಸಿದಳು.

"ಆ ಚುಕ್ಕೆ ಇದೆಯಲ್ಲ, ಅದು ನನ್ನ ಕಣ್ಣಲ್ಲಿ ಯಾಕಿಲ್ಲ ಅಂತ ಚಿಕ್ಕೋಳಿದ್ದಾಗ ಕನ್ನಡಿ ಹಿಡ್ಕೊಂಡು ಹುಡುಕ್ತಿದ್ದೆ. ಮಗಳು ಹುಟ್ಟಿದಾಗ ಮೊದಲು ಅದನ್ನೇ ನೋಡಿದ್ದು. ಅವಳಿಗೂ ಇಲ್ಲ ಅಂತ ಬೇಜಾರಾಗಿತ್ತು."

"ತಪ್ಪಾಯ್ತು ಸಿಂಚನಾ."

"ನಿಮ್ಮ ಕಂಪ್ಯೂಟರ್ ಗುಂಡಿ ಅಲ್ಲ ಇದು, ಒತ್ತಿದ ತಕ್ಷಣ ವಾಪಸ್ ಬರೋಕೆ" ಎಂದು ಅವಳು ಬಟ್ಟೆ ಹಿಂಡಿದಳು. ಗಾಜಿನ ತುಂಡನ್ನು ತೆಗೆದುಕೊಂಡು, ನೋಡದೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಹೋಗಿ. ನನಗೆ ಸಂಜೆ ಚಪಾತಿ ಹಿಟ್ಟು ಕಲಸಬೇಕು."

ಮಾರನೇ ದಿನ ಮೆಸ್ಸಿನಿಂದ ಎಂದಿನಂತೆ ಊಟಕ್ಕೆ ಕರೆ ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ. ಇಂದುಮತಿ ತಾನೇ ಅನ್ನ ಬೇಯಿಸಿಕೊಂಡಳು.

*

"ಹೇಳಿಬಿಡ್ತೀನಿ" ಎಂದಳು ಇಂದುಮತಿ ಹಾಸನದಲ್ಲಿ. "ಎಲ್ಲರಿಗೂ. ಬೇಡ ಅಂದವರಿಗೆ ನಿನ್ನ ಅಂದಾಜಿನ ಕಣ್ಣು ಹಾಕಿಕೊಡೋಣ. ಅದು ಒಳ್ಳೆಯ ಕಣ್ಣು."

ಆದರೆ ಹೇಳುವುದೆಲ್ಲಿ? ನೆಲೆಯಲ್ಲಿ ಚಿತ್ರ ತೆಗೆದವರಿಗೆ ಒಂದು ಸಾಲಿತ್ತು, ಚಿತ್ರದಲ್ಲಿರುವವರಿಗೆ ಒಂದು, ತಿದ್ದಿದವರಿಗೆ ಒಂದು. ತನ್ನದನ್ನು ಇನ್ನೊಬ್ಬರಿಗೆ ಕೊಟ್ಟವರಿಗೆ ಸಾಲೇ ಇರಲಿಲ್ಲ. ದೇಶಕ್ಕೆಲ್ಲ ಸುಳ್ಳು ಹಿಡಿಯಲು ಕೂತವರಿಗೆ ಇಂಥದೊಂದು ಇರಬಹುದೆಂದು ಹೊಳೆದಿರಲಿಲ್ಲ. ಇಂಚರಾ ಮೇಲಿನವರಿಗೆ ಬರೆದಳು. ಕುಂಚದ ಆ ಎರಡು ಸಾಲುಗಳನ್ನೂ ಜೊತೆಗಿಟ್ಟಳು. ಆರು ದಿನದಲ್ಲಿ ಒಪ್ಪಿಗೆ ಬಂತು. ಇಡೀ ನೆಲೆಗೆ ಒಂದು ಹೊಸ ಸಾಲು ಸೇರಿತು: 'ಕಣ್ಣು ಕೊಟ್ಟವರು'. ಇನ್ನು ಮುಂದೆ ನೆಲೆ ಆ ಸಾಲು ನೋಡಿದರೆ ಇಬ್ಬರನ್ನು ಒಬ್ಬರೆಂದು ಎಣಿಸುವುದಿಲ್ಲ.

"ಇನ್ನೂರ ಹನ್ನೆರಡಕ್ಕೂ ಒಂದೇ ಸಲ ಹಾಕಿಬಿಡ್ಲಾ ಮೇಡಂ? ಒಂದು ಗುಂಡಿ ಸಾಕು."

"ಬೇಡಮ್ಮ. ಒಂದೊಂದಾಗಿ ಹೇಳ್ತೀನಿ. ಅವರನ್ನ ನಾನು ಒಂದೊಂದಾಗೇ ಕೂರಿಸಿ ಕಣ್ಣು ತೆರೆಸಿದ್ದು."

ಮೂರು ದಿನ ಹಿಡಿಯಿತು. ಒಂದೊಂದು ಮುಖ ತೆರೆಯುವುದು, ಸತ್ತವರ ಹೆಸರು ಹೇಳುವುದು, 'ಈ ಕಣ್ಣು ನನ್ನ ತಾಯಿ ಲೀಲಾವತಿಯದು' ಎನ್ನುವುದು. ಗಂಟಲು ಕಟ್ಟಿದಾಗಲೆಲ್ಲ ಪಕ್ಕದಲ್ಲಿ ಬಿಸಿನೀರಿನ ಲೋಟ ಬಂದಿರುತ್ತಿತ್ತು. ಯಾರು ಇಟ್ಟರೆಂದು ಇಂದುಮತಿ ನೋಡಲೇ ಇಲ್ಲ. ಪರದೆಗೆ ಕೈ ಮುಗಿದಿದ್ದ ಆತನೇ ಇರಬೇಕು.

ಮನೆಗಳಿಗೆ ಓಲೆ ಹೋಯಿತು. ಕೆಲವರು ಬೈದರು. ನಿವೃತ್ತ ಮೇಷ್ಟರೊಬ್ಬರು ಸ್ಟುಡಿಯೊದ ಬಾಗಿಲಲ್ಲಿ ನಿಂತು, "ನಮ್ಮಪ್ಪನಿಗೆ ಹೆಂಗಸಿನ ಕಣ್ಣು ಇಟ್ಟಿದ್ದೀರಲ್ಲ, ಇದೇನು ನಾಟಕವೇ!" ಎಂದು ಕೂಗಾಡಿದರು. ಇಂದುಮತಿ ಕುರ್ಚಿ ಕೊಟ್ಟು, ಕುಂಚ ತೆರೆದು, ಅವರೆದುರಿಗೇ ಕಣ್ಣು ಬದಲಾಯಿಸಿಕೊಟ್ಟಳು. ಅವರು ಹೊಸದನ್ನು ತುಂಬ ಹೊತ್ತು ನೋಡಿ, "ಇದು ನನ್ನ ಕಣ್ಣೇ. ಕನ್ನಡಿಯಲ್ಲಿ ದಿನಾ ನೋಡ್ತೀನಿ. ಅಪ್ಪ ನೋಡ್ತಿದ್ದ ಹಾಗಿಲ್ಲ" ಎಂದು ಗೊಣಗಿ, ತಾವೇ ಕೈ ಚಾಚಿ 'ತಪ್ಪಾಯ್ತು' ಗುಂಡಿ ಒತ್ತಿದರು. ಹನ್ನೊಂದು ಮನೆಯವರು ಹೊಸ ಕಣ್ಣನ್ನೇ ಇಟ್ಟುಕೊಂಡರು. ಉಳಿದವರಲ್ಲಿ ಹೆಚ್ಚಿನವರು ಒಪ್ಪಿಗೆಯ ಹೆಬ್ಬೆಟ್ಟು ಒತ್ತಿ ಕಳಿಸಿದರು, ಒಂದು ಮಾತೂ ಬರೆಯದೆ.

ಸಿಂಚನಾಳಿಂದ ಏನೂ ಬರಲಿಲ್ಲ. ರಸ್ತೆಯಾಚೆ ಅವಳು ಕಾಣುತ್ತಿದ್ದಳು, ಸೌಟು ಹಿಡಿದು ಯಾರನ್ನೋ ರೇಗಿಸುತ್ತ. ಈ ಕಡೆ ಮುಖ ತಿರುಗಿಸುತ್ತಿರಲಿಲ್ಲ. ಮೆಸ್ಸಿನ ಗಾಜು ಬೂದಾಗಿಯೇ ಇತ್ತು.

*

ಅಮಾವಾಸ್ಯೆಯ ದಿನ ಸ್ಟುಡಿಯೊದಲ್ಲಿ ಕೆಲಸವಿರಲಿಲ್ಲ. ಅದು ವಿಚಿತ್ರವೆನಿಸಿತು. ಐವತ್ತೆಂಟು ವರ್ಷ ಈ ಹದಿನೈದು ದಿನ ಪಿತೃಪಕ್ಷದ ಗಿರಾಕಿಗಳು ಸಾಲುಗಟ್ಟುತ್ತಿದ್ದರು. ಊರವರ ಹಿರಿಯರ ಮುಖ ಒರೆಸುವುದರಲ್ಲೇ ದಿನ ಮುಗಿದು, ತನ್ನ ತಾಯಿಗೆ ಎಡೆ ಇಡಲು ಇಂದುಮತಿಗೆ ಯಾವತ್ತೂ ಆಗಿರಲಿಲ್ಲ. ಇಡೋಣವೆಂದರೂ ಯಾವ ಪಟದ ಮುಂದೆ? ಸ್ಲೇಟು ಹಿಡಿದ, ಕೆನ್ನೆಗೆ ಹಿಟ್ಟು ಮೆತ್ತಿದ ನೆಗೆಟಿವ್‌ನ ಮುಂದೆಯೇ?

ಹಳೆಯ ಕಂಪ್ಯೂಟರ್ ಮುನ್ನಾದಿನವೇ ನಿಂತುಹೋಗಿತ್ತು. ಹೊಸದರಲ್ಲಿ ಕುಂಚ ತೆರೆದು ಸುಮ್ಮನೆ ಕೂತಳು. ಎರಡು ನಿಮಿಷಕ್ಕೊಮ್ಮೆ ಮೂಲೆಯಲ್ಲಿ ಪುಟ್ಟ ದೀಪ ಮಿನುಗಿತು. ಉಳಿಸಲು ಏನೂ ಇಲ್ಲದಿದ್ದರೂ ಉಳಿಸುತ್ತಿತ್ತು.

ಮನೆಮನೆಯಿಂದ ವಡೆಯ ಎಣ್ಣೆ ವಾಸನೆ, ಸಾಂಬ್ರಾಣಿ ಹೊಗೆ. ಹನ್ನೆರಡೂವರೆ ಹೊತ್ತಿಗೆ ರಸ್ತೆಯಾಚೆ ಏನೋ ಹೊಳೆದ ಹಾಗಾಯಿತು. ಇಂದುಮತಿ ಕನ್ನಡಕ ಏರಿಸಿಕೊಂಡಳು.

ಮೆಸ್ಸಿನ ಗಾಜು ಬೆಳಗಿತ್ತು. ಹಾರದ ನಡುವೆ ಸಿಂಚನಾಳ ತಾಯಿಯ ಮುಖ. ಇಷ್ಟು ದೂರಕ್ಕೆ ಕಣ್ಣು ಯಾವುದೆಂದು ತಿಳಿಯುವಂತಿರಲಿಲ್ಲ. ಅದರ ಕೆಳಗೆ ಒಂದು ಸಾಲು ಅಕ್ಷರ ಮಾತ್ರ ಇದ್ದ ಹಾಗೆ ಕಂಡಿತು. ಅಂದಾಜಿನ ಕಣ್ಣಿಗೆ ಸಾಲು ಇರುವುದಿಲ್ಲ. ಗಾಜಿನ ಕೆಳಗೆ ಬಾಳೆಲೆ. ಇಂದುಮತಿ ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದಳು. ಎರಡು ಎಲೆ.

ಸ್ವಲ್ಪ ಹೊತ್ತಿಗೆ ಸಿಂಚನಾ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಮುಚ್ಚಿದ ತಟ್ಟೆ. ಹಣೆಯಲ್ಲಿ ಬೆವರು. ಒಳಗೆ ಬಂದು, ಟಚಿಂಗ್ ಡೆಸ್ಕಿನ ಮೇಲಿದ್ದ ಪೆನ್ಸಿಲ್‌ಗಳನ್ನು ಪಕ್ಕಕ್ಕೆ ಸರಿಸಿ, ಜಾಗ ಮಾಡಿದಳು. ಮುಚ್ಚಳ ತೆಗೆದಳು. ಅನ್ನ, ಸಾರು, ವಡೆ, ಪಾಯಸ. ಅನ್ನದ ಮೇಲೆ ಒಂದು ಚೆಂಡುಹೂವಿನ ಎಸಳು ಹಾಗೇ ಉಳಿದಿತ್ತು, ಅಂಚಿನಲ್ಲಿ ಊದುಬತ್ತಿಯ ಬೂದಿ. ಎಲೆಯ ಮೇಲೆ ಎಡೆಯಾಗಿ ಇಟ್ಟದ್ದನ್ನೇ ತೆಗೆದು ತಂದಿದ್ದಳು.

ಪಕ್ಕದಲ್ಲೊಂದು ಪುಟ್ಟ ಬಟ್ಟಲು. ಹಬ್ಬದಡುಗೆಯ ಜೊತೆ ಯಾರೂ ಇಡದಂಥದು: ಬಾಣಲೆಯ ತಳದಿಂದ ಕೆರೆದು ತೆಗೆದ, ಕಂದು ಬಣ್ಣಕ್ಕೆ ತಿರುಗಿದ ಉಪ್ಪಿಟ್ಟಿನ ಚಕ್ಕೆಗಳು.

ಇಂದುಮತಿ ತಲೆಯೆತ್ತಿದಳು. ಸಿಂಚನಾ ಬಟ್ಟಲನ್ನು ಎತ್ತಿ ಅವಳ ಕೈಗೆ ಕೊಟ್ಟಳು, ಜೊತೆಗೆ ಒಂದು ಚಮಚ.